ಏಜೆಂಟನ ವೀಳ್ಯ

ಅಳುವ ಮಗುವಿನ ಕೈಯಲ್ಲಿ ನರ ಹುಡುಕಿ ಸೂಜಿ ಹಾಕುವುದು ಶಿವರಂಜಿನಿಗೆ ಕಷ್ಟವಲ್ಲ. ಅಪ್ಪನ ಎದುರು ನಿಂತು "ನೀನು ಮಾಡಿದ್ದು ತಪ್ಪು" ಎನ್ನುವುದು ಕಷ್ಟ.

ಉಮ್ಮತ್ತೂರಿನ ಈ ಹುಡುಗಿ ಗುಂಡ್ಲುಪೇಟೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸು. ಅಲ್ಲಿ ನಾಲ್ಕು ಜನರ ಕೆಲಸವನ್ನು ಇಬ್ಬರ ಕೈಲಿ ಮಾಡಿಸಿ, ರಜೆ ಕೇಳಿದರೆ ಮುಖ ಗಂಟಿಕ್ಕುತ್ತಾರೆ. ನುರಿತ ಕೆಲಸಗಾರರ ವೀಸಾ ಪಡೆದು ನ್ಯೂಜಿಲೆಂಡಿಗೆ ಹೋಗಬೇಕೆಂದು ಅವಳು ನಿಶ್ಚಯಿಸಿದ್ದು ಅದಕ್ಕೇ. ಮನೆಯವರು ಬೇಡವೆನ್ನಲಿಲ್ಲ. ಆದರೆ ಅಪ್ಪ ಚಿಕ್ಕಮಾದು, "ಏಜೆಂಟು ಇಲ್ದೆ ಎಂಗಮ್ಮಿ ಓಗೀಯೆ?" ಎಂದು ಅವಳನ್ನು ಚಾಮರಾಜನಗರಕ್ಕೆ ಕರೆದುಕೊಂಡು ಹೋದ.

ಅವನನ್ನು ದೂರಿ ಫಲವಿಲ್ಲ. ರೇಷನ್ ಕಾರ್ಡಿಗೆ ಒಬ್ಬ, ಪಹಣಿಗೆ ಒಬ್ಬ, ಲೈಸೆನ್ಸಿಗೆ ಇನ್ನೊಬ್ಬ. ಸರ್ಕಾರಿ ಕಚೇರಿಗಳಲ್ಲಿ "ನಾಳೆ ಬಾ, ನಾಳೆ ಬಾ" ಎಂದು ಅಟ್ಟಿ ಅಟ್ಟಿ, ನಡುವೆ ಒಬ್ಬನಿಲ್ಲದೆ ಯಾವ ಬಾಗಿಲೂ ತೆರೆಯದೆಂದು ಬಡವನನ್ನು ನಂಬಿಸಿಟ್ಟಿದ್ದಾರೆ. ಆ ಭಯವನ್ನು ಬಿತ್ತಿದವರು ಕುರ್ಚಿಯಲ್ಲಿ ಕೂತು ಸಂಬಳ ಎಣಿಸುತ್ತಾರೆ. ಕೊಯ್ಲು ಮಾತ್ರ ಏಜೆಂಟನದು.

ಏಜೆಂಟ್ ಸುನೀಲ್ ಕುಮಾರ್ ಮಾತಿನಲ್ಲಿ ಬೆಣ್ಣೆ. "ನೀವು ಏನೂ ತಲೆ ಕೆಡಿಸ್ಕೋಬೇಡಿ ಯಜಮಾನ್ರೇ. ಸೋಮವಾರ ಪಾಸ್‌ಪೋರ್ಟು, ಒರಿಜಿನಲ್ ಸರ್ಟಿಫಿಕೇಟು ತಂದ್ಕೊಡಿ. ಕೆಲಸ ಮುಗಿಯೋವರ್ಗೂ ನಮ್ಮತ್ರನೇ ಇರ್ತವೆ," ಎಂದ. ಹೊರಡುವಾಗ ತಟ್ಟೆಯಿಂದ ಎಲೆ ಅಡಿಕೆ ಎತ್ತಿ ಕೊಟ್ಟ. ಚಿಕ್ಕಮಾದು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.

ಎಡವಟ್ಟಾದದ್ದು ಅಲ್ಲೇ. ಚಿಕ್ಕಮಾದು ಅವರ ಬೀದಿಯ ಯಜಮಾನ. ಯಾರ ಮನೆಯ ಹೆಣ್ಣಿನ ಮಾತುಕತೆಯಾದರೂ ಎಲೆ ಅಡಿಕೆ ಕೊಟ್ಟು ಈಸಿಕೊಳ್ಳುವುದು ಅವನ ಕೈಯಲ್ಲೇ. ಈಸಿಕೊಂಡರೆ ಮಾತು ಮುಗಿದಂತೆ. ಆಮೇಲೆ ಹಿಂದೆಗೆದವನ ಮನೆಗೆ ಬೀದಿಯವರು ಹೋಗುವುದಿಲ್ಲ.

ಶಿವರಂಜಿನಿಯ ಜೊತೆ ಡ್ಯೂಟಿ ಮಾಡುವ, ಕೇರಳದ ಬತ್ತೇರಿಯ ಗೆಳತಿ ವಿಷಯ ಕೇಳಿ ತಲೆ ಚಚ್ಚಿಕೊಂಡಳು. "ಒರಿಜಿನಲ್ ಕೊಡೋದಾ? ನಿನ್ನ ಕುತ್ತಿಗೆ ಕೊಡು, ಅದು ವಾಪಸ್ ಸಿಗ್ತದೆ. ನಮ್ಮ ಚೇಚಿ, ನಮ್ಮಕ್ಕ, ಎಲ್ಲಾ ತಾನೇ ಮಾಡಿ ಹೋದ್ಳು. ನಮ್ಮ ಮಾವನ ಮಗನಿಗೆ ಒಂದ್ಸಲ ವೀಸಾ ಕೊಡಲ್ಲ ಅಂದಿದ್ರು, ಅವ್ನು ಲೈಸೆನ್ಸ್ ಇರೋ ಸಲಹೆಗಾರನ್ನ ಹಿಡಿದ. ಅದು ಸರಿ. ನಿಂಗೇನಿದೆ ತೊಡಕು?"

ಶಿವರಂಜಿನಿ ಯೋಚಿಸಿದಳು. ತೊಡಕೇನೂ ಇರಲಿಲ್ಲ. ಅಲ್ಲಿಗೆ ಹೋಗುವವರಿಗೆ ಸಲಹೆ ಮಾರುವವನು ಎಲ್ಲಿ ಕೂತಿದ್ದರೂ ಆ ದೇಶದ ಲೈಸೆನ್ಸ್ ಇಟ್ಟುಕೊಳ್ಳಬೇಕೆಂದು ಗೆಳತಿಯೇ ತೋರಿಸಿಕೊಟ್ಟಳು. ಶಿವರಂಜಿನಿ ಸುನೀಲ್ ಕುಮಾರನಿಗೆ ಫೋನ್ ಮಾಡಿ ಅದನ್ನು ಕೇಳಿದಳು.

"ಲೈಸೆನ್ಸು ನಮ್ಮ ಪಾರ್ಟ್‌ನರ್ ಹೆಸರಲ್ಲಿದೆ ಮೇಡಂ."

"ಅವರ ಹೆಸರೇನು ಸಾರ್?"

"ಬನ್ನಿ ಮೇಡಂ, ಬಂದಾಗ ಮಾತಾಡನ."

ಡ್ಯೂಟಿ ಮುಗಿದ ಮೇಲೆ ಅವಳೇ ಆ ದೇಶದ ನರ್ಸಿಂಗ್ ಮಂಡಳಿಯ ಪುಟಗಳನ್ನು ತೆರೆದಳು. ಕಷ್ಟದ ಇಂಗ್ಲಿಷನ್ನು ತಡವರಿಸಿ, ಅರ್ಥ ಹುಡುಕಿ, ಓದಿದಳು. ಕೇಳಿದ್ದರಲ್ಲಿ ಮುಕ್ಕಾಲು ಪಾಲು ಅವಳ ಟ್ರಂಕಿನಲ್ಲೇ ಇತ್ತು. ಉಳಿದದ್ದು ಪರೀಕ್ಷೆ. ಅದನ್ನು ಯಾವ ಏಜೆಂಟನೂ ಅವಳ ಬದಲು ಬರೆಯುವಂತಿರಲಿಲ್ಲ.

ಭಾನುವಾರ ಊರಿಗೆ ಹೋಗಿ, ಏಜೆಂಟ್ ಬೇಡ, ಅರ್ಜಿ ತಾನೇ ಹಾಕುತ್ತೇನೆಂದು ಬಾಯಿಬಿಟ್ಟಳು. ಚಿಕ್ಕಮಾದು ಜಗುಲಿಯ ಮೇಲೆ ಕೂತಿದ್ದ.

"ನೀ ಯೋಳದು ಸರಿ ಇರಬೌದು ಕಣಮ್ಮಿ. ನಾನು ಎಲೆ ಈಸ್ಕಂಡ್ಬುಟ್ಟಿದ್ದೀನಲ್ಲ."

ಅವ್ವ ಚಿಕ್ಕನಿಂಗಮ್ಮ ಒಳಗಿನಿಂದಲೇ ಕುಟುಕಿದಳು. "ಅವನ್ಯಾನ ನಿನ್ ಬೀಗನಾ? ಮಗಳ ಸರ್ಟಿಫಿಕೇಟ್‌ನ ಧಾರೆ ಎರೆದುಕೊಡಕ್ಕೆ ಒಂಟವ್ನೆ."

"ಸುಮ್ಕಿರು. ಊರೋರ್ಗೆಲ್ಲ ನ್ಯಾಯ ಯೋಳನು ನಾನು. ನಾನೇ ತಪ್ಪುದ್ರೆ ಎಂಗೆ?"

"ಮಾತು ಕೊಟ್ಟೋನು ನೀನು. ಕಷ್ಟಪಟ್ಟು ಓದ್ದೋಳು ಅವಳು."

ಚಿಕ್ಕಮಾದು ಜಗುಲಿಯಿಂದ ಎದ್ದ. "ಈಸ್ಕಂಡಿದ್ನ ಈಸ್ಕಂಡಂಗೇ ವಾಪಸ್ ಕೊಡ್ಬೇಕು. ಅವ್ನ ಬಾಗ್ಲಿಗೇ ಓಗಿ, ತಪ್ಪಾಯ್ತು ಅಂತ ಯೋಳಿ ಕೊಡ್ಬೇಕು. ನಾಳೆ ಓಗನ," ಎಂದ.

ಸೋಮವಾರ ಬಸ್ಸಿನ ಉದ್ದಕ್ಕೂ ಅವನ ತುಟಿ ಅಲುಗುತ್ತಿತ್ತು. ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದ. ಮಡಿಲ ಮೇಲಿನ ಟವಲಿನಲ್ಲಿ ಹೊಸ ಚಿಗುರೆಲೆ, ಬಟ್ಟಲಡಿಕೆ. ಶಿವರಂಜಿನಿಗೆ ಕಿಟಕಿಯ ಹೊರಗೆ ಏನೂ ಕಾಣಲಿಲ್ಲ. ಆ ಮನುಷ್ಯ ಎಲೆ ವಾಪಸ್ ಮುಟ್ಟದಿದ್ದರೆ ಅಪ್ಪ ಮಾತಿಗೇ ಕಟ್ಟುಬೀಳುತ್ತಾನೆ. ಆಗ ಅಪ್ಪನ ಮುಖ ಉಳಿಸಬೇಕೋ, ಟ್ರಂಕಿನಲ್ಲಿರುವ ಸರ್ಟಿಫಿಕೇಟು ಉಳಿಸಬೇಕೋ ಅವಳಿಗೆ ತಿಳಿಯದು.

ಸುನೀಲ್ ಕುಮಾರ್ ಎದ್ದು ಕುರ್ಚಿ ಹಾಕಿದ. ಚಿಕ್ಕಮಾದು ಕೂರಲಿಲ್ಲ. ಟವಲು ಬಿಚ್ಚಿ, ಎರಡೂ ಕೈ ಮುಂದೆ ಚಾಚಿದ.

"ಸ್ವಾಮಿ, ನಿಮ್ಮ ವೀಳ್ಯ ಈಸ್ಕಂಡು ಮಾತು ಕೊಟ್ಟಿದ್ದೆ. ನಡಸಕ್ಕೆ ಆಗ್ನಿಲ್ಲ. ತಪ್ಪಾಯ್ತು. ವಾಪಸ್ ಈಸ್ಕಳಿ."

ಏಜೆಂಟ್ ಎಲೆಯನ್ನು ನೋಡಿದ, ಅವನ ಮುಖ ನೋಡಿದ, ಮಗಳನ್ನು ನೋಡಿದ.

"ಯಾವ ವೀಳ್ಯ ಯಜಮಾನ್ರೇ? ಓ, ಅದಾ? ಅವತ್ತು ಶುಕ್ರವಾರ, ಆಫೀಸ್ ಪೂಜೆ ಇತ್ತು. ಬಂದೋರಿಗೆಲ್ಲ ಕೊಟ್ವಿ. ಕೊರಿಯರ್‌ನೋನಿಗೂ ಕೊಟ್ವಿ." ಆಮೇಲೆ ಶಿವರಂಜಿನಿಯ ಕಡೆ ತಿರುಗಿದ. "ಒರಿಜಿನಲ್ ತಂದ್ರಾ ಮೇಡಂ?"

"ಇಲ್ಲ ಸಾರ್. ಅರ್ಜಿ ನಾನೇ ಹಾಕ್ತೀನಿ."

ಅವನ ಮಾತಿನ ಬೆಣ್ಣೆ ಕರಗಿಹೋಯಿತು. "ಹಾಕಿ, ಹಾಕಿ. ರಿಜೆಕ್ಟ್ ಆದ್ಮೇಲೆ ಇಲ್ಲಿಗೇ ಬರ್ತೀರ."

"ರಿಜೆಕ್ಟ್ ಆದ್ರೆ, ಯಾಕಾಯ್ತು ಅಂತ ನಂಗೇ ಗೊತ್ತಿರುತ್ತೆ ಸಾರ್."

ಚಿಕ್ಕಮಾದು ಎಲೆಯನ್ನು ಮತ್ತೆ ಟವಲಿಗೆ ಸುತ್ತಿಕೊಂಡು ಮೆಟ್ಟಿಲಿಳಿದು ರಸ್ತೆಗೆ ಬಂದ. ಅವನಿಗೆ ಅವಮಾನವಾಗಿದೆಯೆಂದು ಅವಳು ಹೆದರಿದ್ದಳು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತವನು ನಗತೊಡಗಿದ.

"ಕೊರಿಯರ್‌ನೋನ್ಗೂ ಕೊಟ್ಟವ್ನಂತೆ ಕಣಮ್ಮಿ. ನಾನು ನಿದ್ದೆಗೆಟ್ಟು ಸತ್ತೆ."

ನಗು ನಿಂತ ಮೇಲೆ ಅವನ ಮುಖ ಗಡುಸಾಯಿತು. "ಎಲೆ ಕೊಟ್ಟುದ್ದೇ ಗ್ಯಾನ ಇಲ್ದೋನ್ ಕೈಗೆ ನಿನ್ ಓದ್ನೆಲ್ಲ ಕೊಡಕ್ಕೆ ಒಂಟಿದ್ನಲ್ಲ."

ಶಿವರಂಜಿನಿ ಅಪ್ಪನ ಪಕ್ಕ ಕೂತಳು. ಎದೆಯ ಮೇಲಿಟ್ಟ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತೆ ಉಸಿರು ಹಗುರವಾಗಿತ್ತು. ಚಿಕ್ಕಮಾದು ಸುಣ್ಣ ಸವರಿ, ಅಡಿಕೆ ಇಟ್ಟು, ಎಲೆ ಮಡಿಸಿ ಮೊದಲು ಮಗಳಿಗೆ ಕೊಟ್ಟ, ಆಮೇಲೆ ತಾನು ಹಾಕಿಕೊಂಡ. ಅಗಿದು ಅಭ್ಯಾಸವಿಲ್ಲದ ಅವಳ ನಾಲಿಗೆ ಚುರುಗುಟ್ಟಿತು. ಆದರೂ ಉಗುಳಲಿಲ್ಲ. ಫೋನ್ ತೆಗೆದು, ಮೈಸೂರಿನಲ್ಲಿ ನಡೆಯುವ ಇಂಗ್ಲಿಷ್ ಪರೀಕ್ಷೆಗೆ ದಿನ ಆರಿಸಿದಳು.

ಚಿಕ್ಕಮಾದು ಬಗ್ಗಿ ನೋಡಿದ. "ಅದ್ನ ನೀನೇ ಒತ್ತೀಯಾ?"

"ಊಂ."

"ಒತ್ತು ಮತ್ತೆ, ಬಸ್ಸು ಬತ್ತಾದೆ."