ಗಂಗಾಮಣಿ ಒಪ್ಪಿಸಿದ ಟ್ರಂಕು

ಸಕಲೇಶಪುರದ ತೋಟ ಕಾರ್ಮಿಕರ ಸಂಘ ತೊಂಬತ್ತಾರರಲ್ಲಿ ಮುಚ್ಚಿತು. ಬೆಳೆದ ಕಾಫಿಯನ್ನು ಸರ್ಕಾರದ ಕಾಫಿ ಬೋರ್ಡಿಗೇ ಕೊಡಬೇಕೆಂಬ ಕಟ್ಟುಪಾಡು ಹೋಗಿ ತೋಟಗಳ ರೀತಿಯೇ ಬದಲಾಗಿತ್ತು. ಕಾರ್ಯದರ್ಶಿ ಗಂಗಾಮಣಿ ಸಂಘದ ಕಾಗದಗಳನ್ನೆಲ್ಲ ಟ್ರಂಕಿಗೆ ತುಂಬಿ, ಮಾರನಹಳ್ಳಿ ಹತ್ತಿರದ ಎಸ್ಟೇಟಿನ ಕೂಲಿ ಲೈನಿನ ತನ್ನ ಮನೆಗೆ ಬಸ್ಸಿನಲ್ಲಿ ತಂದಳು.

ಅದರಲ್ಲಿ ಅಣ್ಣಯ್ಯ ಎಂಬ ಆಳಿನ ಸಾವಿನ ಬಗ್ಗೆ ಬೆಟ್ಟಮ್ಮ, ಚೌಡಮ್ಮ ಕೊಟ್ಟ ಹೇಳಿಕೆಗಳಿದ್ದವು. ಅವನನ್ನು ಹೊಡೆದು ಕೊಂದದ್ದು ಯಾರೆಂದು ಇಬ್ಬರೂ ಕಂಡಿದ್ದರು. ಪೊಲೀಸರ ಮುಂದೆ ಬಾಯಿ ಬಿಟ್ಟಿರಲಿಲ್ಲ. ಹೆಸರು ಹೊರಗೆ ಹೋಗುವುದಿಲ್ಲವೆಂದು ಗಂಗಾಮಣಿ ಮಾತು ಕೊಟ್ಟ ಮೇಲೆ ಸಂಘಕ್ಕೆ ಮಾತ್ರ ಹೇಳಿ ಹೆಬ್ಬೆಟ್ಟು ಒತ್ತಿದ್ದರು. ಹೊಡೆದವನು ಈಗ ಎಸ್ಟೇಟಿನ ರೈಟರ್, ಆಳುಗಳ ಹಾಜರಿ, ಕೂಲಿ ಬರೆಯುವವನು.

ಟ್ರಂಕಿನ ಕಾಗದಕ್ಕೆ ಗೆದ್ದಲು ಹತ್ತಿದ ವರ್ಷ ಸರ್ಕಾರಿ ದಾಖಲೆ ಭಂಡಾರದ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದರು. ಸಂಘಗಳ, ಮನೆತನಗಳ ಹಳೆಯ ಕಾಗದ ಸಂಗ್ರಹಿಸುತ್ತಿದ್ದರು.

"ನಾವು ಬದುಕಿರೋಗಂಟ ಆ ಹೇಳಿಕೆ ಯಾರಿಗೂ ತೋರಿಸಬಾರದು ಕಣ್ರೀ," ಎಂದಳು ಗಂಗಾಮಣಿ.

"ಆಯ್ತಮ್ಮ, ಬರ್ಕೋತೀನಿ."

ಅವರು ತೋರಿಸಿದ ಕಡೆ ಓದದೆಯೇ ಸಹಿ ಹಾಕಿ ಟ್ರಂಕು ಒಪ್ಪಿಸಿದಳು. ಸರ್ಕಾರದ ಬೀರುವಿಗಿಂತ ಭದ್ರವಾದ ಜಾಗ ಇನ್ನೆಲ್ಲಿದೆ ಎಂದುಕೊಂಡಳು.

ಮುಂದಿನ ಕೊಯ್ಲಿನಲ್ಲಿ ರೈಟರ್ ಬೆಟ್ಟಮ್ಮನ ಕಾಫಿ ಹಣ್ಣಿನ ಚೀಲ ತೂಗುತ್ತಾ ಮೆಲ್ಲಗೆ ಹೇಳಿದ: "ಅವತ್ತು ನಾನು ನೀಲಿ ಅಂಗಿ ಹಾಕ್ಕಂಡಿದ್ದೆ ಅಂತ ಬರೆಸಿದ್ದೀಯಲ್ಲ. ಅದು ಹಸಿರು ಕಣಮ್ಮ."

ಬೆಟ್ಟಮ್ಮ ಚೀಲ ಅಲ್ಲೇ ಬಿಟ್ಟು ಗಂಗಾಮಣಿಯ ಮನೆಗೆ ಓಡಿ ಬಂದಳು. "ಯಾರ ಕೈಗೆ ಕೊಟ್ಬುಟ್ಟೆ ಅಕ್ಕಾ?"

ಗಂಗಾಮಣಿ ಬೆಂಗಳೂರಿನ ದಾಖಲೆ ಭಂಡಾರಕ್ಕೆ ಹೋದಳು. ಹಳೆಯ ಅಧಿಕಾರಿ ವರ್ಗವಾಗಿದ್ದರು. ಹೊಸಬರು ತೆಗೆದ ಕಡತದಲ್ಲಿ 'ಷರತ್ತಿಲ್ಲದ ದಾನ' ಎಂದಿತ್ತು, ಕೆಳಗೆ ಅವಳದೇ ಸಹಿ.

"ಯಾರು ಅರ್ಜಿ ಕೊಟ್ಟರೂ ಓದಬಹುದು," ಎಂದರು ಅವರು. "ನಿಮ್ಮ ಎಸ್ಟೇಟ್ ಮಾಲೀಕರ ಕಡೆಯವರು ತಮ್ಮ ಮನೆಯ ಕಾಗದ ಕೊಡಲು ಬಂದಾಗ ಇದನ್ನೂ ಓದಿ ಹೋದರು."

"ಹಂಗಾದ್ರೆ ಅವರ ಕಾಗದ ನಾನು ಓದ್ಬೋದಾ?"

"ಅದಾಗಲ್ಲ. ಕುಟುಂಬದ ಒಪ್ಪಿಗೆ ಬೇಕೆಂದು ಅವರು ವಕೀಲರಿಂದ ಬರೆಸಿದ್ದಾರೆ."

"ನಮ್ದು ವಾಪಸ್ ಕೊಟ್ಬುಡಿ."

"ಒಳಗೆ ಬಂದ ಮೇಲೆ ಅದು ಸರ್ಕಾರದ್ದಮ್ಮ."

ಮರಳಿ ಬಂದಾಗ ಬೆಟ್ಟಮ್ಮನ ಮನೆಗೆ ಬೀಗ ಬಿದ್ದಿತ್ತು. ಮಗ್ಗೆ ಊರಿನ ತಂಗಿಯ ಮನೆಗೆ ಹೋದಳೆಂದು ಪಕ್ಕದವರು ಹೇಳಿದರು. ಚೌಡಮ್ಮನಿಗೆ ಇನ್ನೂ ಏನೂ ತಿಳಿದಿರಲಿಲ್ಲ. ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಗಂಗಾಮಣಿ ಎದುರಿಗೆ ಕೂತು, ತಾನು ಸಹಿ ಹಾಕಿದ್ದನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದಳು.

"ನನ್ನ ಹೆಸರೂ ಐತಾ ಅದ್ರಲ್ಲಿ?"

"ಐತೆ."

ಚೌಡಮ್ಮ ಅಂಗಳದಲ್ಲಿ ಆಡುತ್ತಿದ್ದ ಮೊಮ್ಮಗಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡಳು. ಗಂಗಾಮಣಿ ಹೊರಗೇ ನಿಂತಳು. ಕೆಳಗೆ ಸ್ಟೋರಿನ ಮುಂದೆ ರೈಟರ್ ನಾಳೆಯ ಕೆಲಸಕ್ಕೆ ಹೆಸರು ಕೂಗುತ್ತಿದ್ದ. ಚೌಡಮ್ಮನ ಹೆಸರನ್ನೂ ಕೂಗಲಿಲ್ಲ, ಗಂಗಾಮಣಿಯದನ್ನೂ ಕೂಗಲಿಲ್ಲ.