ಗಂಗವ್ವ ಓದದ ಒಂದು ಚೀಟಿ

ಶನಿವಾರ ಟ್ರಂಕು ಒರೆಸುವ ದಿನ. ಮಕ್ಕಳು ನಗುತ್ತಾರೆ. ನಗಲಿ, ವಾರಕ್ಕೊಮ್ಮೆ ಒರೆಸಿದ ಟ್ರಂಕಿಗೆ ಜಿರಲೆ ಬರುವುದಿಲ್ಲ. ಇವತ್ತು ಅದರ ತಳದಲ್ಲಿ ರಟ್ಟಿನ ಚೀಟಿಗಳ ಕಟ್ಟೊಂದು ಕೈಗೆ ಸಿಕ್ಕಿತು. ಬಿಚ್ಚಿದೊಡನೆ ಹೊಸ ಬಟ್ಟೆಯ ಗಂಜಿಯ ವಾಸನೆ. ಇಷ್ಟು ವರ್ಷದ ಮೇಲೆ ಗಂಜಿ ಎಲ್ಲಿಂದ ಬರಬೇಕು? ನನ್ನ ಮೂಗಿನಲ್ಲೇ ಉಳಿದಿರಬೇಕು. ಸೊಲ್ಲಾಪುರದ ಬಟ್ಟೆ ಅಂಗಡಿಗಳಲ್ಲಿ ಥಾನು ಸುತ್ತುವ ರಟ್ಟು ಅದು. ಬೇಡಿ ತಂದು, ಅಳೆದು ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ಪದ ಬರೆದವಳು ನಾನೇ: ಹಾಲು, ಹಲ್ಲು, ಬೆಳೆ, ಬೆಲೆ, ಕಾಲು, ಕಲ್ಲು.

ಮೂವತ್ತರ ದಶಕದ ಮಾತು. ನಾನು ಆಗಷ್ಟೇ ಶಿಕ್ಷಕಿಯ ತರಬೇತಿ ಮುಗಿಸಿ ಬಂದಿದ್ದೆ. ನೀಲವ್ವ ಎಂಬ ವ್ಯಾಪಾರಸ್ಥರ ಮನೆಯ ಯಜಮಾನಿ, ಹೆಂಗಸರಿಗೆ ಕನ್ನಡ ಕಲಿಸಲೆಂದು ತಮ್ಮ ಪಡಸಾಲೆ ಬಿಟ್ಟುಕೊಟ್ಟಿದ್ದರು. ಮಧ್ಯಾಹ್ನ ಮಿಲ್ಲಿನ ಭೋಂಗಾ ಕೂಗುತ್ತಲೇ ಪಾಠ ಶುರು. ಎಂಟು ಜನ ಬರುತ್ತಿದ್ದರು, ಎಂಟು ಹೊತ್ತಿಗೆ.

“ಉಶೀರ ಆತ್ರಿ ಅಕ್ಕೋರ, ರೊಟ್ಟಿ ಮುಗೀಲಿಲ್ಲ,” ಎನ್ನುವರು ತಡವಾಗಿ ಬಂದವರು.

“ರೊಟ್ಟಿ ದಿನಾ ಇರತಾವ. ಕುಂದರ್ರಿ,” ಎನ್ನುವೆ. ನನಗಾಗ ಇಪ್ಪತ್ತೆರಡು. ರೊಟ್ಟಿ ಬಡಿಯುವುದು ನನ್ನ ತಾಯಿಯ ಕೆಲಸವಾಗಿತ್ತು, ಹಾಗಾಗಿ ಧೈರ್ಯ.

ದೊಡ್ಡ ಪದಗಳನ್ನು ಓದುವುದು ಕಷ್ಟವಲ್ಲ. ಸೊಲ್ಲಾಪುರ ಎಂದು ಬರೆದರೆ ಅರ್ಧದಲ್ಲೇ ಗುರುತು ಸಿಗುತ್ತದೆ. ಸಣ್ಣ ಪದಗಳು ಒಂದೇ ಥಾನಿನ ಕುಪ್ಪಸ ತೊಟ್ಟ ಅಕ್ಕತಂಗಿಯರಂತೆ. ಹತ್ತಿರ ಹೋಗಿ ಮುಖ ನೋಡಬೇಕು. ಇಲ್ಲದಿದ್ದರೆ ಹಾಲು ಹಲ್ಲಾಗಿ ಉದುರಿ ಬೀಳುತ್ತದೆ, ಹಲ್ಲು ಹಾಲಾಗಿ ಹೆಪ್ಪುಗಟ್ಟುತ್ತದೆ. ಅದಕ್ಕೇ ನನ್ನದೊಂದು ನಿಯಮ: ಚೀಟಿ ಎತ್ತಬೇಕು, ಗಟ್ಟಿಯಾಗಿ ಓದಬೇಕು, ಆ ವಸ್ತುವನ್ನು ಮುಟ್ಟಿ ತೋರಿಸಬೇಕು. ತಪ್ಪಿದರೆ ನನ್ನ ವಹಿಯಲ್ಲಿ ಹೆಸರಿನ ಮುಂದೆ ಕೆಂಪು ಗೆರೆ.

ನೀಲವ್ವನವರ ಸೊಸೆ ಗಂಗವ್ವ ಎಲ್ಲರಿಗಿಂತ ಚುರುಕು. ಅವಳಿಗೆ ಅವಸರವೂ ಇತ್ತು. ಅಕ್ಕಲಕೋಟೆಯಲ್ಲಿದ್ದ ಅವಳ ಅಕ್ಕ ಪತ್ರ ಬರೆಯುತ್ತಿದ್ದಳು. ಬಂದ ಪತ್ರವನ್ನು ಮೈದುನ ಒಡೆದು ಎಲ್ಲರ ನಡುವೆ ನಾಟಕದವರ ಧಾಟಿಯಲ್ಲಿ ಓದುವನು.

“ಅಕ್ಕ ಬರದದ್ದು ನನಗ್ರಿ. ನಗೋರು ಮನಿ ಮಂದಿ,” ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದಳು.

ಅವಳು ಅತ್ತೆಯನ್ನು ಕೇಳಿಕೊಂಡಾಗ ನೀಲವ್ವ ಒಂದು ಕರಾರು ಹಾಕಿದ್ದರು: ನಮ್ಮೆದುರು ಅಷ್ಟೂ ಚೀಟಿ ತಪ್ಪದೆ ಓದು, ಅಂದಿನಿಂದ ನಿನ್ನ ಪತ್ರ ಒಡೆಯದೆ ನಿನ್ನ ಕೈಗೆ.

ಹಾಲು ಓದಿದಳು, ಹಲ್ಲು ಓದಿದಳು. ಕಲ್ಲು ಬಂದರೆ ಮಾತ್ರ ಬಾಯಿ ಬಂದ್. ಎದ್ದು ಹೋಗಿ ಮೂಲೆಯ ಬೀಸುವ ಕಲ್ಲಿನ ಮೇಲೆ ಕೈಯಿಟ್ಟು ನಿಲ್ಲುವಳು.

“ಕೈ ಅಲ್ಲವ್ವಾ, ಬಾಯಿ ಓದಬೇಕು.”

“ಗಟ್ಟೀದ್ರಿ,” ಎನ್ನುವಳು, ನೆಲ ನೋಡುತ್ತ.

ನಾನು ವಹಿಯಲ್ಲಿ “ಒತ್ತಕ್ಷರ ಬರುವುದಿಲ್ಲ” ಎಂದು ಬರೆದೆ. ಅದೇ ಒತ್ತಕ್ಷರದ ಹಲ್ಲು ಅವಳಿಗೆ ಹೇಗೆ ಬಂತು ಎಂದು ಕೇಳಿಕೊಳ್ಳಲಿಲ್ಲ. ಗೆರೆ ಎಳೆಯುವುದರಲ್ಲಿ ನಾನು ಅಷ್ಟು ಅಚ್ಚುಕಟ್ಟು.

ಪರೀಕ್ಷೆಯ ದಿನ ಬಂತು. ನೀಲವ್ವ ಮಣೆಯ ಮೇಲೆ ಕುಳಿತರು. ಆ ದಿನವೇ ಬಂದ ಪತ್ರ ಅವರ ತೊಡೆಯ ಮೇಲಿತ್ತು. ಗಂಗವ್ವ ಒಂದೊಂದೇ ಚೀಟಿ ಓದಿ ಮುಗಿಸಿದಳು. ಕೊನೆಗೆ ಉಳಿದದ್ದು ‘ಕಲ್ಲು’ ಒಂದೇ. ಅದನ್ನು ಎತ್ತಿಕೊಂಡು ಬೀಸುವ ಕಲ್ಲಿನತ್ತ ನೋಡಿದಳು. ನಾನು ಕೆಂಪು ಪೆನ್ಸಿಲ್ ತೆಗೆದೆ.

ಪಕ್ಕದ ಮನೆಯ ಚಂದ್ರವ್ವ ತಡೆಯಲಾರದೆ ನಕ್ಕಳು. “ಅಯ್ಯ ಅಕ್ಕೋರ, ಅಕಿ ಹ್ಯಾಂಗ ಅಂದಾಳ್ರಿ? ಗಂಡನ ಹೆಸರ ಕಲ್ಲಪ್ಪ ಐತಲ್ರಿ!”

ನನ್ನ ಕಿವಿ ಬಿಸಿಯಾಯಿತು. ಗಂಗವ್ವನ ಗಂಡ ಊರಿಗೆ ಸಾವುಕಾರರು, ತಾಯಿಗೆ ಅಪ್ಪು. ಹೆಸರು ಕೇಳುವ ಪ್ರಸಂಗ ನನಗೆ ಬಂದಿರಲಿಲ್ಲ. ಆದರೆ ಗಂಡನ ಹೆಸರು ಬಾಯಲ್ಲಿ ತರಬಾರದೆಂಬ ಪದ್ಧತಿ ಗೊತ್ತಿರಲಿಲ್ಲವೇ? ನನ್ನ ತಂದೆ ಮಲ್ಲಪ್ಪ. ಅದಕ್ಕಾಗಿ ನನ್ನ ತಾಯಿ ಜೀವಮಾನವಿಡೀ ಮಲ್ಲಿಗೆಯನ್ನು ‘ಬಿಳೀ ಹೂವು’ ಎಂದೇ ಕರೆದವಳು. ಪೆನ್ಸಿಲ್ ಕೆಳಗಿಟ್ಟು, “ಇದೊಂದ ಬಿಟ್ಟಬಿಡೂಣ್ರಿ,” ಎಂದೆ.

“ಬಿಡೂದ ಹ್ಯಾಂಗ? ಕರಾರ ಕರಾರು,” ಎಂದರು ನೀಲವ್ವ.

ಗಂಗವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಮದುವೆ, ಬಸುರಿಗೆ ಮಾಡುವ ಕುಬಸಗಳಲ್ಲಿ ಗಂಡನ ಹೆಸರು ಹೇಳಲು ನಮ್ಮ ಹೆಂಗಸರಿಗೆ ಇರುವ ದಾರಿ ಒಂದೇ, ಪ್ರಾಸ ಕಟ್ಟಿದ ಒಡಪು. ಅವಳು ಚೀಟಿಯನ್ನು ಎದೆಯೆತ್ತರ ಹಿಡಿದು ಹಾಡಿದಂತೆ ಅಂದಳು:

“ಜ್ವಾಳದ ತೆನಿಯಂಥಾ ಬೆಳ್ಳನ್ನ ಹಲ್ಲು,
ಕಲ್ಲಪ್ಪನವರ ಹೆಸರು ಹೇಳಿ ಓದತೀನಿ ಕಲ್ಲು!”

ಪಡಸಾಲೆಯೆಲ್ಲ ಹೋ ಎಂದಿತು. ನೀಲವ್ವ ನಗು ನುಂಗಲು ನೋಡಿ ಸೋತರು. “ಎಷ್ಟು ದಿನದಿಂದ ಜೋಡಿಸಾಕತ್ತಿದ್ದಿಯವಾ ಇದನ್ನ? ತಗೋ,” ಎಂದು ಪತ್ರ ನೀಡಿದರು.

ಗಂಗವ್ವ ಕಿಟಕಿಯ ಬಳಿ ಹೋಗಿ ಲಕೋಟೆ ಒಡೆದಳು. ತುಟಿಗಳು ಅಲುಗಾಡಿದವು, ದನಿ ಬರಲಿಲ್ಲ. ನಡುವೆ ಒಮ್ಮೆ ನಕ್ಕಳು, ಒಮ್ಮೆ ಮೂಗೊರೆಸಿಕೊಂಡಳು.

“ಏನ ಬರದಾಳ ನಿಮ್ಮಕ್ಕ?” ಎಂದಳು ಚಂದ್ರವ್ವ.

“ಹೇಳಂಗಿಲ್ಲ,” ಎಂದಳು ಗಂಗವ್ವ. ಅಷ್ಟು ತೃಪ್ತಿಯ ಮಾತನ್ನು ನಾನು ಮತ್ತೆ ಕೇಳಿಲ್ಲ.

ಚೀಟಿಗಳನ್ನು ಕಟ್ಟಿ ಮತ್ತೆ ಟ್ರಂಕಿನ ತಳಕ್ಕಿಡುವಷ್ಟರಲ್ಲಿ ಅಂಚೆಯವನು ಬಂದ. ನಮ್ಮ ಮನೆಯಲ್ಲಿ ಬಂದ ಪತ್ರಗಳನ್ನೆಲ್ಲ ಒಡೆದು, ಓದಿ, ಯಾರ್‍ಯಾರದೆಂದು ವಿಂಗಡಿಸಿಡುವುದು ನನ್ನ ಕೆಲಸ. ಇಪ್ಪತ್ತು ವರ್ಷದ ಶಿಸ್ತು, ನೀವು ಬೇಕಾದರೆ ಬೇರೆ ಹೆಸರಿಡಿ. ಇವತ್ತು ಬಂದದ್ದು ಒಂದೇ ಲಕೋಟೆ, ಸೊಸೆಯ ತವರಿನದು. ಚಾಕು ಅಂಚಿಗೆ ತಾಗಿಸಿದವಳು ತೆಗೆದೆ. ಅಡುಗೆಮನೆಗೆ ಹೋಗಿ ಅವಳ ಮುಂದೆ ಹಿಡಿದೆ.

ಅವಳು ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಒಡದೇ ಇಲ್ಲಲ್ರಿ ಅತ್ತಿ?”

“ಇಲ್ಲವಾ,” ಎಂದೆ. “ಒಲಿ ನಾ ನೋಡ್ಕೋತೀನಿ. ನೀ ಹೋಗಿ ಓದ.”