ಪಾದ್ರಿಯಾಗಬೇಕಿದ್ದ ಕಳ್ಳ

ನನ್ನ ಗಂಡ ಸೆಡ್ರಿಕ್ ಹಾಲ್ರಾಯ್ಡ್ ಬಹಳ ವರ್ಷ ಟಿವಿಯಲ್ಲೂ ನಾಟಕದಲ್ಲೂ ಕಳ್ಳನಾಗಿಯೇ ಹೊಟ್ಟೆ ಹೊರೆದ. ಮನೆಯಲ್ಲಿ ಜೇಡ ಕಂಡರೂ ಕೊಲ್ಲದೆ, ಲೋಟದಲ್ಲಿ ಹಿಡಿದು ಹಿತ್ತಲಿಗೆ ಬಿಟ್ಟು ಬರುವ ಪ್ರಾಣಿ ಅವನು. ಮುಖ ಮಾತ್ರ, ಹೆಂಡತಿಯಾಗಿ ನಾನು ಹೇಳಬಾರದು, ಸದಾ ಬೇರೆಯವರ ಜೇಬಿನ ಮೇಲೆ ಕಣ್ಣಿಟ್ಟಂತಿರುತ್ತದೆ. ಒಂದು ಸಲವಾದರೂ ಒಳ್ಳೆಯವನ ಪಾತ್ರ ಸಿಗಲಿ ಎಂಬುದೊಂದೇ ಅವನ ಆಸೆ. ಕೊನೆಗೆ ಎಪ್ಪತ್ತನಾಲ್ಕನೇ ಇಸವಿಯ ವಸಂತದಲ್ಲಿ, ಟಿವಿಯಲ್ಲಿ ಹಳ್ಳಿ ಚರ್ಚಿನ ಪಾದ್ರಿಯ ಪಾತ್ರ ಸಿಕ್ಕಿತು.

ಚಿತ್ರೀಕರಣ ಇನ್ನೇನು ಶುರುವಾಗಬೇಕು, ಸಾಲ್ಫರ್ಡ್ ಪೇಟೆಯಲ್ಲಿ ಮೀನು ಕೊಳ್ಳುತ್ತಿದ್ದವನನ್ನು ಪೊಲೀಸರು ಕರೆದರು. ಅದು ಮಾಮೂಲು. ಗುರುತು ಹಿಡಿಸುವಾಗ ಆರೋಪಿಯ ಜೊತೆ ಸಾಲಿನಲ್ಲಿ ನಿಲ್ಲಿಸಲು ಬೀದಿಯಿಂದ ನಾಲ್ಕಾರು ಗಂಡಸರನ್ನು ಕರೆದೊಯ್ಯುತ್ತಾರೆ. ಮಿಠಾಯಿ ಅಂಗಡಿಯ ಮಿಸೆಸ್ ಎಂಟ್ವಿಸಲ್ ಅವರ ಗಲ್ಲಾಪೆಟ್ಟಿಗೆಯನ್ನು ಯಾರೋ ದೋಚಿದ್ದರಂತೆ. ಆಕೆ ಸಾಲಿನುದ್ದಕ್ಕೂ ನಡೆದು ಬಂದು ನನ್ನ ಗಂಡನ ಹೆಗಲು ಮುಟ್ಟಿದರು.

ಕಳವಾದ ಸಂಜೆ ಸೆಡ್ರಿಕ್ ರಂಗದ ಮೇಲೆ, ತುಂಬಿದ ಸಭೆಯ ಮುಂದೆ, ಬೀಗ ಒಡೆಯುತ್ತಿದ್ದ. ಇವರು ನಟರು ಎಂದು ಸಾರ್ಜೆಂಟ್ ನಗುತ್ತಾ ತಿಳಿಹೇಳಿದರೂ ಆಕೆ ಜಗ್ಗಲಿಲ್ಲ.

"ಅವ್ನು ಏನಾದ್ರೂ ಆಗಿರ್ಲಿ. ಕದಿಯೋದನ್ನ ನಾನೇ ಕಣ್ಣಾರೆ ನೋಡಿದೀನಿ," ಎಂದರಂತೆ.

ನಿಜವಾದ ಆರೋಪಿ ಟೋಪಿ ಎತ್ತಿ ಎಲ್ಲರಿಗೂ ವಂದಿಸಿ ಮನೆಗೆ ಹೋದ.

ಸೆಡ್ರಿಕ್‌ಗೆ ಹೆಮ್ಮೆಪಡಬೇಕೋ ನಾಚಬೇಕೋ ತಿಳಿಯಲಿಲ್ಲ. ಅಷ್ಟು ಚೆನ್ನಾಗಿ ಕದ್ದಿದ್ದೇನೆಯೇ ಎಂದು ಒಮ್ಮೆ, ನನಗೆ ಬೇರೇನೂ ಬರುವುದೇ ಇಲ್ಲವೇ ಎಂದು ಇನ್ನೊಮ್ಮೆ. ಊಟದ ನಡುವೆ ಫೋರ್ಕ್ ಕೆಳಗಿಟ್ಟು, ಆ ಸಂಜೆ ತಾನು ನಾಟಕದಲ್ಲೇ ಇದ್ದೆ ತಾನೆ ಎಂದು ನನ್ನನ್ನು ದಿನವೂ ಕೇಳುತ್ತಿದ್ದ. ಕೇಳಿ ಕೇಳಿ ನನಗೂ ತಲೆ ಕೆಟ್ಟುಹೋಯಿತು.

"ಆ ಪಾದ್ರೀನ ಒಬ್ರಾದ್ರೂ ನಂಬಿದ್ರೆ ಸಾಕು ಕಣೆ," ಎಂದ.

ಅವನ ಪಾದ್ರಿ ಪಾತ್ರ ಪ್ರಸಾರವಾದ ಸಂಜೆ ಇಬ್ಬರೂ ಟಿವಿ ಮುಂದೆ ಕೂತೆವು. ಬಿಳಿ ಕಾಲರ್ ತೊಟ್ಟ ಸೆಡ್ರಿಕ್ ಬಲಿಪೀಠದ ಮುಂದೆ ಮೊಣಕಾಲೂರಿ, ಸತ್ತ ಮಗುವಿಗಾಗಿ ಪ್ರಾರ್ಥಿಸಿದ. ಚೆನ್ನಾಗಿಯೇ ಮಾಡಿದ್ದ. ನಾನು ಮಾತ್ರ ಬಲಿಪೀಠದ ಪಕ್ಕದಲ್ಲಿದ್ದ ಕಾಣಿಕೆ ಡಬ್ಬಿಯನ್ನೇ ನೋಡುತ್ತಿದ್ದೆ. ಯಾವಾಗ ಎತ್ತಿಕೊಳ್ಳುತ್ತಾನೋ ಎಂದು ಕಾಯುತ್ತಿದ್ದೆ. ಇಷ್ಟು ವರ್ಷ ಜೊತೆಗೆ ಬಾಳಿದವಳಿಗೇ ಹೀಗಾದರೆ ಏನು ಹೇಳುವುದು?

"ಹೇಗಿತ್ತು ಮೇವಿಸ್? ನಂಬಿದ್ಯಾ?"

"ಪೂರ್ತಿ ನಂಬ್ದೆ ಕಣೋ. ಕಣ್ಣಲ್ಲಿ ನೀರೇ ಬಂತು," ಎಂದೆ.

ಅವನು ನನ್ನ ಒಣ ಕಣ್ಣುಗಳನ್ನು ನೋಡಿದ. ಎದ್ದು ಟಿವಿ ಆರಿಸಿದ.

"ನಟನೆ ನಂಗೆ ಬಿಡು, ಮೇವಿಸ್," ಎಂದ.